ಪಕ್ಕದ ಮನೆ ಅಜ್ಜಿ ಮೇಲೆ ನಮ್ಮ ಮಗಳ ಬೇಹುಗಾರಿಕೆ

ಮೇ ತಿಂಗಳಲ್ಲಿ ಕಲಬುರಗಿ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 11 ಗಂಟೆಗೆಲ್ಲ ಓಣಿ ಖಾಲಿ. ಹತ್ತು ವರ್ಷದ ಮಗಳು ಮನೆಯಲ್ಲಿದ್ದರೆ ಬರೀ ಟಿವಿ ಅಂತ ಹತ್ತಿರದ ಒಂದು ಬೇಸಿಗೆ ಶಿಬಿರಕ್ಕೆ ಕಳಿಸಿದೆವು. ಅಲ್ಲಿ ಒಂದು ವಾರ ಪೂರ್ತಿ ಪತ್ತೇದಾರಿ ಆಟ.

ಮೊದಲ ದಿನ ನಿಂಬೆರಸದಲ್ಲಿ ಬರೆಯೋದು. ಒಣಗಿದ ಮೇಲೆ ಏನೂ ಕಾಣಲ್ಲ, ಬಿಸಿ ತಾಗಿದರೆ ರಸ ಹತ್ತಿದ ಜಾಗ ಉಳಿದ ಹಾಳೆಗಿಂತ ಮೊದಲು ಕಂದಾಗುತ್ತೆ, ಅಕ್ಷರ ಮೂಡುತ್ತೆ. ನಮ್ಮೂರ ಬಿಸಿಲಿರುವಾಗ ಬೇರೆ ಬೆಂಕಿ ಯಾಕೆ ಅಂತ ಇವಳು ಹಾಳೆಯನ್ನು ಮಾಳಿಗೆ ಮೇಲೆ ಹಪ್ಪಳದ ಪಕ್ಕ ಕಲ್ಲಿಟ್ಟು ಬಂದಳು. ಹಪ್ಪಳ ಒಣಗಿತು, ಅಕ್ಷರ ಬರಲಿಲ್ಲ. ಕೊನೆಗೆ ಇಸ್ತ್ರಿ ಪೆಟ್ಟಿಗೆ ಒತ್ತಿದಾಗ ಮೂಡಿತು: "ಪೇಡೆ ತಿಂದಿದ್ದು ನಾನೇ."

ಎರಡನೇ ದಿನ ಗುಪ್ತ ಭಾಷೆ. ಇದಂತೂ ನಮ್ಮ ಕಾಲದ್ದೇ. ಪ್ರತಿ ಅಕ್ಷರದ ಹಿಂದೆ 'ಕ' ಹಚ್ಚಿ "ಕನೀಕನು ಕಬಾ" ಅಂತ ದೊಡ್ಡವರ ಮುಂದೇನೇ ಮಾತಾಡ್ತಿದ್ದೆವು, ಅಲ್ವಾ?

ಭಾನುವಾರಕ್ಕೆ ಹೋಂವರ್ಕ್ ಬಂತು. ಓಣಿಯಲ್ಲಿ ಒಬ್ಬರನ್ನು ಆರಿಸಿಕೊಂಡು, ಅವರಿಗೆ ಗೊತ್ತಾಗದ ಹಾಗೆ ಗಮನಿಸಿ, ಟೈಮ್ ಹಾಕಿ ಬರೆಯಬೇಕಂತೆ. ಮಗಳು ಆರಿಸಿದ್ದು ಪಕ್ಕದ ಮನೆ ಅಜ್ಜಿಯನ್ನು. ಅವಳು ಮಲಗಿದ ಮೇಲೆ ನೋಟ್‌ಬುಕ್ ತೆಗೆದು ನೋಡಿದೆ (ಹೌದು, ನಾನೂ ಕದ್ದು ನೋಡಿದೆ).

"9.40 ಅಜ್ಜಿ ಹೊರಗೆ ಬಂದಳು. ತುಳಸಿಗೆ ನೀರು.
10.15 ಹಾಲಿನವನ ಜೊತೆ ಜಗಳ.
11.05 ಫೋನ್ ಬಂತು. ಅತ್ತಳು. ಯಾಕೆ ಗೊತ್ತಿಲ್ಲ. ಅನುಮಾನ."

ಅನುಮಾನ ಅನ್ನೋ ಪದದ ಕೆಳಗೆ ಕೆಂಪು ಪೆನ್ನಲ್ಲಿ ಎರಡು ಗೆರೆ. ಅಜ್ಜಿ ಯಾಕೆ ಅತ್ತಳು ಅಂತ ನನಗೆ ಗೊತ್ತು. ಇಲ್ಲಿ ಬರೆಯಲ್ಲ.

ಶಿಬಿರದವರಿಗೆ ಫೋನ್ ಮಾಡಿದರೆ "ಸುಮ್ನೆ ಆಟ ರೀ ಮೇಡಂ" ಅಂದರು. ಆಟ ಅಂದ್ರೆ ಯಾವ ಆಟ ಅನ್ನೋದೇ ನನ್ನ ತಕರಾರು. ನಿಂಬೆರಸ, 'ಕ' ಭಾಷೆ ಎರಡೂ ಮುಚ್ಚಿಡೋದನ್ನು ಕಲಿಸುತ್ತವೆ. ನನ್ನದು ಅಂತ ಒಂದು ಮಾತು ಇರಬಹುದು, ಅದನ್ನು ಯಾರಿಗೆ ತೋರಿಸಬೇಕು ಅಂತ ನಾನೇ ಆರಿಸಬಹುದು ಅನ್ನೋ ಖುಷಿ ಅದು, ಮಕ್ಕಳಿಗೆ ಬೇಕೇ ಬೇಕು. ಅಜ್ಜಿ ಮೇಲಿನ ಈ ಟೈಮ್ ಹಾಕಿದ ಡೈರಿ ಇದರ ಉಲ್ಟಾ. ಅಳೋ ಮನುಷ್ಯರನ್ನು ನೋಡಿದರೆ ಹತ್ತಿರ ಹೋಗಿ "ಯಾಕಜ್ಜಿ?" ಅಂತ ಕೇಳೋ ವಯಸ್ಸಿನ ಹುಡುಗಿ ಕಿಟಕಿ ಹಿಂದೆ ಕೂತು ಟೈಮ್ ಬರೆದುಕೊಂಡಳು. ಎರಡನ್ನೂ ಒಂದೇ ಚೀಲಕ್ಕೆ ಹಾಕಿ 'ಪತ್ತೇದಾರಿ' ಅಂತ ಹೆಸರಿಟ್ಟರೆ ಮಕ್ಕಳಿಗೆ ವ್ಯತ್ಯಾಸ ಹೇಗೆ ತಿಳಿಯಬೇಕು?

ಅಮೆರಿಕದ ಗೂಢಚಾರ ಸಂಸ್ಥೆ ಎನ್‌ಎಸ್‌ಎಗೇ ಈ ವ್ಯತ್ಯಾಸ ತಿಳಿದಿರಲಿಲ್ಲ ಬಿಡಿ, ಅಥವಾ ಚೆನ್ನಾಗಿ ತಿಳಿದಿತ್ತು. ಮಕ್ಕಳಿಗೆ ಗುಪ್ತ ಲಿಪಿ ಕಲಿಸಲು ಕ್ರಿಪ್ಟೋಕಿಡ್ಸ್ ಅಂತ ಕಾರ್ಟೂನ್ ಪ್ರಾಣಿಗಳನ್ನು ಮಾಡಿಟ್ಟಿದ್ದ ಅದೇ ಸಂಸ್ಥೆ, ಯಾರು ಯಾರಿಗೆ ಎಷ್ಟು ಹೊತ್ತು ಫೋನ್ ಮಾಡಿದರು ಅಂತ ಕೋಟಿಗಟ್ಟಲೆ ಅಮೆರಿಕನ್ನರ ಲೆಕ್ಕ ಇಡುತ್ತಿತ್ತು ಅನ್ನೋದನ್ನು 2013ರಲ್ಲಿ ಅಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡಿದ್ದ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದರು. ಅಂದ್ರೆ ಅದೂ ಒಂದು ಟೈಮ್ ಹಾಕಿದ ಡೈರಿ.

ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಬುದ್ಧಿ ಹೇಳಹೋದೆ. ಅವಳು ಹಾಲ್ ಮೂಲೆಯ ಕ್ಯಾಮೆರಾ ಕಡೆ ಬೆರಳು ತೋರಿಸಿದಳು. "ನೀ ಆಫೀಸಿನಾಗ ಕೂತು ಇದ್ರಾಗ ನನ್ನ ನೋಡ್ತಿ. ಅದೇನು ಮತ್ತ?"

ಬಾಯಿಗೆ ಉತ್ತರ ಬರಲಿಲ್ಲ. ಕೆಲಸಕ್ಕೆ ಹೋಗೋ ತಂದೆತಾಯಿ ನಾವು, ಹೋದ ವರ್ಷ ಹಾಕಿಸಿದ್ದು. ಮೊದಲು ದಿನಕ್ಕೆ ಎರಡು ಸಲ ನೋಡುತ್ತಿದ್ದೆ, ಈಗ ಎಷ್ಟು ಸಲ ಅಂತ ಹೇಳೋಕೆ ನಾಚಿಕೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಹೇಳಿದಾಗ, ಆ ಕೇಸು ಹಾಕಿದ ಪುಟ್ಟಸ್ವಾಮಿಯವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಅಂತ ಹೆಮ್ಮೆಯಿಂದ ಸ್ಟೇಟಸ್ ಹಾಕಿದವಳು ನಾನೇ. ಜನರ ವೈಯಕ್ತಿಕ ಮಾಹಿತಿ ಕಾಯೋಕೆ ಮಾಡಿದ 2023ರ ಡೇಟಾ ಕಾಯ್ದೆ 18 ವರ್ಷದೊಳಗಿನ ಮಕ್ಕಳ ಮೇಲೆ ಕಂಪನಿಗಳು ಕಣ್ಣಿಡೋದಕ್ಕೆ ತಡೆ ಹಾಕುತ್ತೆ. ಮನೆಯೊಳಗಿನ ಸ್ವಂತ ಬಳಕೆಗೆ ಮಾತ್ರ ಅದು ಅನ್ವಯಿಸಲ್ಲ. ಅಮ್ಮನಿಗೆ ವಿನಾಯಿತಿ! ಶಿಬಿರ ಒಂದು ವಾರ ಮಾಡಿದ್ದನ್ನು ನಾನು ಒಂದು ವರ್ಷದಿಂದ ಮಾಡ್ತಿದ್ದೆ.

ನನ್ನ ಗಂಡ ಒಪ್ಪಲಿಲ್ಲ, ಸೇಫ್ಟಿ ಅಂದರು. "ನಮ್ಮೂರ ಬಹಮನಿ ಕೋಟೆ ಬುರುಜಿನ ಕಾವಲುಗಾರ ಹೊರಗೆ ನೋಡ್ತಿದ್ದ, ಅಡುಗೆಮನೆ ಕಡೆ ಅಲ್ಲ" ಅಂತ ವಾದ ಮಾಡಿ ಮೊನ್ನೆ ಕ್ಯಾಮೆರಾವನ್ನು ಹಾಲ್‌ನಿಂದ ಕೀಳಿಸಿ ಗೇಟಿಗೆ ಮುಖ ಮಾಡಿ ಹಾಕಿಸಿದೆ. ಮಗಳಿಗೆ ಖುಷಿಯೋ ಖುಷಿ.

ಸಂಜೆ ಆಫೀಸಿನಲ್ಲಿ ಅಭ್ಯಾಸಬಲ, ಆಪ್ ತೆಗೆದೆ. ಗೇಟಿನಾಚೆ, ಬಲಗಡೆ ಮೂಲೆಯಲ್ಲಿ, ಅಜ್ಜಿ ಕಟ್ಟೆ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಕೆಳಗೆ ಟೈಮ್ ಬೇರೆ ಬರುತ್ತಿತ್ತು, 5.42.