ಭಾರೀ ಅಂದ್ರೆ ಎಷ್ಟು ಭಾರ?

ಮೊನ್ನೆ ಕಾರವಾರದ ಮೀನು ಪೇಟೆಯಲ್ಲಿ ಒಬ್ಬಾಕೆ ಇಸೋಣ ಮೀನನ್ನು ಬಾಲ ಹಿಡಿದು ಎತ್ತಿ "ಭಾರೀ ಇದೆ ನೋಡಿ" ಅಂದರು. ಗಾತ್ರ ದೊಡ್ಡದೋ, ತೂಕ ಜಾಸ್ತಿಯೋ, ರುಚಿ ಚೆನ್ನಾಗಿರುತ್ತೋ ಅಂತ ನಾನು ಕೇಳಲಿಲ್ಲ, ಮೂರೂ ಅದರೊಳಗೇ ಇತ್ತು ಅಲ್ವಾ. ಬೆಲೆಯೂ ಭಾರೀನೇ.

ಮೂಲ ಸಂಸ್ಕೃತದ ಭಾರ, ಅಂದರೆ ಹೊರೆ. ಆದರೆ ಈಗ ತೂಕವೇ ಇಲ್ಲದ್ದಕ್ಕೂ ಅಂಟಿಕೊಂಡಿದೆ: ಭಾರೀ ಸೆಖೆ, ಭಾರೀ ನಷ್ಟ, ಭಾರೀ ಖುಷಿ. ಕೊಂಕಣಿ, ಮರಾಠಿಯವರೂ ಇದನ್ನೇ ಆಡೋದರಿಂದ ನಮ್ಮೂರಲ್ಲಿ ಯಾವ ಭಾಷೆಯಿಂದ ಬಾಯಿಗೆ ಬಂತು ಅಂತ ಹೇಳೋದು ಕಷ್ಟ.

ಇದಕ್ಕೆ ಗೆರೆ ಎಳೆದು ಅಳತೆ ಕೊಟ್ಟದ್ದು ಹವಾಮಾನ ಇಲಾಖೆ. 24 ಗಂಟೆಯಲ್ಲಿ 64.5 ಮಿಲಿಮೀಟರ್ ಮುಟ್ಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ಮೀರಿದರೆ ಅದಕ್ಕೂ ಮೇಲಿನ ದರ್ಜೆ. ಜುಲೈನಲ್ಲಿ ಶಿರಸಿಯ ಅತ್ತೆಗೆ ಫೋನ್ ಮಾಡಿ ಇದನ್ನು ಹೇಳಿದೆ. ಹಂಚಿನ ಮೇಲೆ ಬೀಳೋ ಮಳೆ ಸದ್ದಿಗೆ ಅರ್ಧ ಕೇಳಿಸಲೇ ಇಲ್ಲ. "ಅಡಿಕೆಗೆ ಕೊಳೆ ರೋಗ ಬಂದ್ರೆ ಭಾರೀ, ಇಲ್ಲಾಂದ್ರೆ ಸುಮ್ನೆ ಮಳೆ" ಅಂದರು. ಅವರ ಅಳತೆಯೇ ಸರಿ ಅನಿಸಿತು.

ದೊಡ್ಡದು ಅನ್ನೋಕೆ ಪದದ ಮುಂದೆ ಸೇರೋ, ಕನ್ನಡದ್ದೇ ಆದ 'ಹೆ' ಕೂಡ ಇದೆ. ಹೆಮ್ಮರ, ಹೆಬ್ಬಾವು, ಹೆದ್ದಾರಿ. ಯಾಣದಲ್ಲಿ 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಬುಡದಲ್ಲಿ ಕತ್ತು ನೋಯುವಷ್ಟು ಮೇಲೆ ನೋಡುತ್ತಾ ನಿಂತಾಗ ನನ್ನ ಬಾಯಿಗೆ ಬಂದದ್ದು ಹೆಬ್ಬಂಡೆ, ಭಾರೀ ಅಲ್ಲ.

ಹಾಂ, ಯಾರಾದರೂ "ಅವನು ಭಾರೀ ಜನ" ಅಂದರೆ ಹೊಗಳಿದ್ದು ಅಂದ್ಕೋಬೇಡಿ. ಸಾಲ ಕೊಡೋ ಮುಂಚೆ ಯೋಚಿಸು ಅಂತ ಅರ್ಥ.