ಮಣ್ಣೆತ್ತಿನ ಬೆನ್ನಿಗೆ ಹಸಿರು ಜೂಲ

ಜ್ಯೇಷ್ಠ ಮಾಸದ ಕೊನೆಗೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯಂದು ಕೊಪ್ಪಳದ ನಮ್ಮ ಕಡೆಯ ಮನೆಗಳಲ್ಲಿ ಎರೆಮಣ್ಣಿನ ಜೋಡೆತ್ತುಗಳನ್ನು ಮಾಡಿ ಪೂಜಿಸುವ ರೂಢಿಯಿದ್ದು, ಆ ಜೋಡಿಯ ಜೊತೆಗೆ ಮಕ್ಕಳಿಗಾಗಿಯೇ ಇನ್ನೊಂದು ಎತ್ತನ್ನು ಮಾಡಿ ಅದರ ಬೆನ್ನ ಮೇಲೆ ಬೀಜ ಬೆಳೆಸುವುದನ್ನು ಎಲ್ಲ ತಂದೆತಾಯಂದಿರಿಗೂ ಮನಸಾರೆ ಸೂಚಿಸುತ್ತೇನೆ.

ಇದಕ್ಕೆ ಅಳವಿ ಬೀಜವೇ ಅತ್ಯುತ್ತಮ. ಬಾಣಂತಿಯರ ಅಂಟಿನುಂಡೆಗೆ ಬಳಸುವ ಈ ಕೆಂಪು ಬೀಜವು ಅರ್ಧ ಗಂಟೆ ನೆನೆದರೆ ಸುತ್ತಲೂ ಲೋಳೆ ಕಟ್ಟಿಕೊಳ್ಳುವುದರಿಂದ, ಇಳಿಜಾರಾದ ಬೆನ್ನು, ಹೊಟ್ಟೆಗಳ ಮೇಲೂ ಜಾರದೆ ಅಂಟಿಕೊಂಡು ಎರಡು ಮೂರು ದಿನಗಳಲ್ಲಿ ಮೊಳಕೆಯೊಡೆಯುತ್ತದೆ. ರಾಗಿಗೆ ಈ ಗುಣವಿಲ್ಲ. ಬಿತ್ತನೆಗೆಂದು ಔಷಧಿ ಹಚ್ಚಿದ ಬೀಜ ಬೇಡ, ಕಿರಾಣಿ ಅಂಗಡಿಯದೇ ಆಗಲಿ.

ಎರೆಮಣ್ಣು ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆಯಾದ್ದರಿಂದ ಸ್ವಲ್ಪ ಮರಳನ್ನೂ ಸಣ್ಣಗೆ ಕತ್ತರಿಸಿದ ಹುಲ್ಲನ್ನೂ ಬೆರೆಸಿ ನಾದಬೇಕು. ಸುಡದ ಮಣ್ಣಾದ ಕಾರಣ ನೀರು ಸುರಿದರೆ ಕಾಲು ಕರಗಿ ಎತ್ತು ಕುಸಿಯುತ್ತದೆ. ಬೆಳಿಗ್ಗೆ, ಸಂಜೆ ಕೈಯಿಂದ ಚಿಮುಕಿಸಿ, ಮೊಳಕೆ ಕಾಣುವವರೆಗೆ ಒದ್ದೆ ಬಟ್ಟೆ ಹೊದಿಸಿ ನೆರಳಿನಲ್ಲಿಡಬೇಕು. ಚಿಮುಕಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ.

ಕಣ್ಣಿಗೆ ಗುಲಗಂಜಿ ಖಂಡಿತ ಬೇಡ. ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ ತರುವ ವಿಷ ಅದರಲ್ಲಿದೆ. ಬಿಳಿಜೋಳದ ಕಾಳು ಸಾಕು. ಅದೂ ಮೊಳೆತು ಎತ್ತಿನ ಕಣ್ಣಿನಿಂದಲೇ ಎಲೆ ಹೊರಟಾಗ ಮಕ್ಕಳು ಪಕ್ಕದ ಮನೆಯವರನ್ನೂ ಕರೆತಂದು ತೋರಿಸುತ್ತಾರೆ.

ಅಳವಿ ಸಸಿ ನಾಲ್ಕು ಬೆರಳೆತ್ತರ ಬಂದಾಗ ಕತ್ತರಿಸಿ, ಚೆನ್ನಾಗಿ ತೊಳೆದು ಹೆಸರುಬೇಳೆ ಕೋಸಂಬರಿಗೆ ಹಾಕಬಹುದು. ಸೊಪ್ಪು ಸ್ವಲ್ಪ ಖಾರವಾಗಿರುವುದರಿಂದ ಚಿಕ್ಕವರಿಗೆ ಕಡಿಮೆಯೇ ಬಡಿಸಿ.