ಎರಡೂವರೆ ವರ್ಷದ ಮಂತ್ರಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಯಲ್ಲಿ ಅಡಿಕೆ ಸುಲಿಯುತ್ತಾ ಭಾವ ಲೆಕ್ಕ ಹಾಕಿದರು. ಕೇರಳದಲ್ಲಿ 140 ಸೀಟು, ನೂರಕ್ಕೆ 15ರ ಮಿತಿಯಂತೆ ಮಂತ್ರಿಗಳು 21 ಮಾತ್ರ. 2021ರಲ್ಲಿ ಎಡರಂಗ ಅಷ್ಟನ್ನೂ ತುಂಬಿಸಿತು. ಒಬ್ಬೊಬ್ಬರೇ ಶಾಸಕರಿದ್ದ ನಾಲ್ಕು ಪಕ್ಷಗಳಿಗೆ ಸಿಕ್ಕಿದ್ದು ಎರಡೇ ಕುರ್ಚಿ. ಎರಡೂವರೆ ವರ್ಷ ನೀನು, ಆಮೇಲೆ ನಾನು! 2023ರ ಡಿಸೆಂಬರಿನಲ್ಲಿ ಆಂಟನಿ ರಾಜು, ಅಹಮದ್ ದೇವರಕೋವಿಲ್ ಇಳಿದರು. ಗಣೇಶ್ ಕುಮಾರ್, ಕಡನ್ನಪ್ಪಳ್ಳಿ ರಾಮಚಂದ್ರನ್ ಹತ್ತಿದರು. ಅಣ್ಣತಮ್ಮಂದಿರ ತೋಟದ ಪಾಲು ಇಷ್ಟು ಸಲೀಸಾಗಿ ಆಗೋದಿಲ್ಲ, ಅಲ್ವಾ?

“ನಮ್ಮ ಜಿಲ್ಲೆಗೆಷ್ಟು?” ಎಂದೆ.

ಆಗ ಒಂದೂ ಇರಲಿಲ್ಲ. ಅದಕ್ಕೂ ಹಿಂದಿನ ಸರ್ಕಾರದಲ್ಲಿ ಕಾಞಂಗಾಡಿನ ಇ. ಚಂದ್ರಶೇಖರನ್ ಕಂದಾಯ ಮಂತ್ರಿಯಾಗಿದ್ದರು.

ಭಾವ ಸುಲಿದ ಅಡಿಕೆಯನ್ನು ಬುಟ್ಟಿಗೆ ಎಸೆದು ನಕ್ಕರು. “ಮಂತ್ರಿ ಸ್ಥಾನ ಇರಲಿ ಮಾರಾಯ. ಅರ್ಜಿ ಫಾರಂ ಕನ್ನಡದಲ್ಲಿ ಸಿಕ್ಕಿದ್ರೆ ಸಾಕು.”